ಎಡಗಣ್ಣಿನ ಹಿಂದೆ ಠಿಕಾಣಿ ಹೂಡುವ ತಲೆನೋವಿನವರಿಗೆ

ಮಾನ್ಯರೇ,

ಮಧುರವಾಡದ ಬಾಡಿಗೆ ಮನೆಯಾಗಲಿ, ಕೊಂಡಪಲ್ಲಿಯ ಅತ್ತೆಯ ಮನೆಯಾಗಲಿ, ವಿಳಾಸ ಕೇಳದೆ ನಾನಿದ್ದಲ್ಲಿಗೇ ಬಂದು ಎಡಗಣ್ಣಿನ ಹಿಂದೆ ಠಿಕಾಣಿ ಹೂಡುವ ತಮ್ಮ ಸನ್ನಿಧಾನಕ್ಕೆ, ಹಾಸನದಿಂದ ವರ್ಗವಾಗಿ ಬಂದ ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿ ದಿನಕರನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂಬುದು ಬರೀ ಉಪಚಾರದ ಮಾತಲ್ಲ. ತಾವು ದಯಮಾಡಿಸಿದಾಗಲೆಲ್ಲ ನಾನಿರುವುದು ಆ ಭಂಗಿಯಲ್ಲೇ.

ತಮ್ಮ ಸಮಯಪ್ರಜ್ಞೆಯನ್ನು ಹೊಗಳದೆ ಇರಲಾರೆ. ಮನೆಯಲ್ಲೂ ತೆಲುಗನ್ನೇ ಆಡುವ ನನ್ನ ಮಗಳು ಜಾಹ್ನವಿ, ಕಳೆದ ವರ್ಷ ವಿಶಾಖಪಟ್ಟಣದ ಕನ್ನಡ ಸಂಘದ ವೇದಿಕೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಕಥೆ ಹೇಳುವಾಗ, ತಾವು ನನ್ನನ್ನು ಕಾರಿನೊಳಗೆ ಮುಖದ ಮೇಲೆ ಒದ್ದೆ ಟವೆಲು ಹಾಕಿ ಮಲಗಿಸಿದಿರಿ. ಕೊನೆಯ ಚಪ್ಪಾಳೆ ಮಾತ್ರ ಕೇಳಿಸಿತು, ಅದೂ ಸುತ್ತಿಗೆಯ ಪೆಟ್ಟಿನಂತೆ. ಇಂದು ಸಂಜೆ ಅವಳು ವಿಜಯವಾಡದಲ್ಲಿ ಮತ್ತೆ ಕಥೆ ಹೇಳಲಿದ್ದಾಳೆ. ಪಕ್ಕದ ಕೊಂಡಪಲ್ಲಿಯಲ್ಲಿ, ಅತ್ತೆಯ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಯುತ್ತಲೇ ತಮ್ಮ ಆಗಮನದ ಸೂಚನೆಯೂ ಬಂದಿದೆ: ಕಿಟಕಿಯ ಬೆಳಕು ಚುಚ್ಚುತ್ತಿದೆ, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿದೆ.

ತಾವು ಇಷ್ಟು ಕಾಲ ಮೆರೆದದ್ದು ನಮ್ಮ ಸಾಲ ವಿಭಾಗದ ಪದ್ಧತಿಯ ಕೃಪೆಯಿಂದ. ಎಂಥ ಅರ್ಜಿಯೂ ಕೆಳಗಿನಿಂದ ಮೇಲಕ್ಕೆ ಹೋಗಬೇಕೆಂಬುದು ನಮ್ಮ ಧರ್ಮ. ಹಾಗೆಯೇ ತಾವು ಬಂದರೆ ಮೊದಲು ಹಣೆಗೆ ಬಾಮು. ಅದು ಕೈಚೆಲ್ಲಿದರೆ ಅತ್ತೆ ದುರ್ಗಾಂಬನವರ ಫಿಲ್ಟರ್ ಕಾಫಿ. ಆಮೇಲೆ ಸಾದಾ ಮಾತ್ರೆ. ಡಾಕ್ಟರು ತಮಗೆಂದೇ ಬರೆದುಕೊಟ್ಟ ಮಾತ್ರೆ ಹೆಡ್ ಆಫೀಸಿನಂತೆ ಕಟ್ಟಕಡೆಗೆ. ಅದಕ್ಕೆ ಮಂಜೂರಾತಿ ಸಿಗುವಷ್ಟರಲ್ಲಿ ತಾವು ತಲೆಯೊಳಗೆ ಮಹಡಿ ಎಬ್ಬಿಸಿ, ಗೃಹಪ್ರವೇಶ ಮುಗಿಸಿ, ನೆಂಟರಿಗೆ ಎಲೆ ಹಾಕಿರುತ್ತಿದ್ದಿರಿ. ನುಂಗಿದ ಮಾತ್ರೆ ಹಾಗೇ ವಾಂತಿಯಾಗಿ ಹೊರಬರುತ್ತಿತ್ತು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಸಣ್ಣ ನೋವಿಗೆ ಸಣ್ಣ ಮಾತ್ರೆ ಸಾಕು, ಇಂಥದ್ದು ಬರುತ್ತಿದೆ ಎಂದು ತಿಳಿದ ಕೂಡಲೇ ಮೆಟ್ಟಿಲು ಹತ್ತುತ್ತ ಕೂರದೆ ನೇರ ಈ ದೊಡ್ಡ ಮಾತ್ರೆಯನ್ನೇ ನುಂಗಿ, ಆದರೆ ವಾರಕ್ಕೆ ಎರಡು ದಿನ ಮೀರಿದರೆ ಮಾತ್ರೆಯೇ ತಲೆನೋವಾದೀತು ಎಂದು ಡಾಕ್ಟರ್ ಗಂಗಾಭವಾನಿಯವರು ಬಿಡಿಸಿ ಹೇಳಿದ್ದಾರೆ. ಅತ್ತೆಯವರಾದರೋ ಈಗಲೂ 'ಅಲ್ಲುಡುಗಾರೂ, ಮುಂದು ಕಾಫಿ', ಅಂದರೆ ಅಳಿಯಂದಿರೇ ಮೊದಲು ಕಾಫಿ, ಎಂದು ಲೋಟ ಹಿಡಿದು ನಿಂತಿದ್ದಾರೆ. ಅವರ ಡಿಕಾಕ್ಷನ್ನಿಗಿಂತ ಮಾತ್ರೆಯನ್ನು ಅಳಿಯ ಮೊದಲು ಕೇಳಿದರೆ ಅವರಿಗೆ ಅವಮಾನ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಇನ್ನು ಮುಂದೆ ತಾವು ಸಣ್ಣವರೋ ದೊಡ್ಡವರೋ ಎಂಬುದನ್ನು ವಾರ ಮೊದಲೇ ಮೊಹರು ಹಾಕಿ ತಿಳಿಸತಕ್ಕದ್ದು. ಬರಲೇಬೇಕೆಂದಿದ್ದರೆ ಶಾಖೆಯ ತಪಾಸಣೆಯ ದಿನ ಬನ್ನಿ. ಆರತಿ ಎತ್ತಿ ಬರಮಾಡಿಕೊಂಡು, ರಜೆ ಹಾಕಿ, ತಮ್ಮೊಡನೆ ಸಂತೋಷದಿಂದ ಮಲಗುತ್ತೇನೆ. ಮಗಳ ಬಾಯಲ್ಲಿ ಕನ್ನಡ ಬರುವ ಅಪರೂಪದ ಸಂಜೆಗಳನ್ನು ಮಾತ್ರ ನನಗೆ ಬಿಟ್ಟುಕೊಡಿ.

ಆ ಸಂಜೆಗಳ ಹೊರತು ಸದಾ
ತಮ್ಮ ವಿಶ್ವಾಸಿ,
ದಿನಕರ

ತಾ.ಕ.: ಪತ್ರ ಬರೆಯಲು ಕೂರುವ ಮೊದಲೇ, ಯಾರ ಮಂಜೂರಾತಿಗೂ ಕಾಯದೆ, ತಮ್ಮ ಮಾತ್ರೆಯನ್ನು ನುಂಗಿಯಾಗಿತ್ತು. ಈ ಸಾಲುಗಳನ್ನು ಸಭಾಂಗಣದ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಜಾಹ್ನವಿ ಅರ್ಧ ಕಥೆ ಮರೆತು, ಉಳಿದರ್ಧವನ್ನು ತೆಲುಗಿನಲ್ಲಿ ಮುಗಿಸಿದಳು. ಅವಳ ಒಂದು ತಪ್ಪನ್ನೂ ಬಿಡದೆ ಆಸೆಯಿಂದ ಕೇಳಿಸಿಕೊಂಡೆ. ತಾವೂ ಇರಬೇಕಿತ್ತು ಎಂದು ಯಾರಿಗೂ ಅನ್ನಿಸಲಿಲ್ಲ.