ವ್ಯಾಸಪೀಠದ ಮೇಲಿನ ಲ್ಯಾಪ್‌ಟಾಪ್

ಶನಿವಾರ ಸಂಜೆ ಸಾಹೇಬರು ಲ್ಯಾಪ್‌ಟಾಪ್ ಕೊಟ್ಟಾಗ ಟೈಪಿಸ್ಟ್ ಶಾಮಣ್ಣ ಚಪ್ಪಲಿ ಬಿಟ್ಟು ಎರಡೂ ಕೈಯೊಡ್ಡಿದ. ಕೆಟ್ಟದ್ದು ಆ ಭಕ್ತಿಯಿಂದಲೇ.

ಸಿಂಗಾಪುರದಿಂದ ಬಂದ, ಇಡೀ ಕಾರ್ಖಾನೆಗೆ ಒಂದೇ ಒಂದು ಯಂತ್ರ ಅದು. ಸೋಮವಾರ ಬೆಳಿಗ್ಗೆ ದಿಲ್ಲಿಯಿಂದ ಬರುವ ಅಧಿಕಾರಿಗಳ ಮುಂದಿಡಲು ಬಾಯ್ಲರ್ ಸುರಕ್ಷತೆಯ ಹನ್ನೆರಡು ಪುಟಗಳ ವರದಿಯನ್ನು ಅದರಲ್ಲಿ ಹೊಡೆದು ತರಬೇಕಿತ್ತು.

ಚೆಂಬೂರಿನ ಆ ಒಂದೂವರೆ ಕೋಣೆಯ ಮನೆಯಲ್ಲಿ ಮೇಜಿರಲಿಲ್ಲ. ವಿದ್ಯೆಯ ವಸ್ತುವನ್ನು ನೆಲಕ್ಕಿಡುವುದುಂಟೆ? ಭಾನುವಾರ ಮಿಂದು ಬಂದವನೇ ಗ್ರಂಥವಿಟ್ಟು ಓದುವ ವ್ಯಾಸಪೀಠವನ್ನು ಬಿಡಿಸಿದ. ಮೇಲೆ ಗುರುಗಳ ರೇಷ್ಮೆ ವಸ್ತ್ರ ಹಾಸಿದ. ಲ್ಯಾಪ್‌ಟಾಪ್ ತೆರೆದ ಪುರಾಣದ ಹಾಗೆ ಕುಳಿತುಕೊಂಡಿತು.

ಇಪ್ಪತ್ತೆರಡು ವರ್ಷದ ಹಿಂದೆ ಮೈಸೂರು ಬಿಡುವಾಗ ಗಮಕಿ ತಿರುಮಲೇಶಯ್ಯನವರು, "ಏನು ಓದಿದರೂ ಇದರ ಮೇಲಿಟ್ಟು ಓದಪ್ಪ" ಎಂದು ಕೊಟ್ಟ ವಸ್ತ್ರ. ಅದೇ ಗುರುಗಳು ಇವತ್ತು ಸಂಜೆ ಐದಕ್ಕೆ ಸ್ಟೇಷನ್ ಹತ್ತಿರದ ಹಾಲ್‌ನಲ್ಲಿ ಕಾವ್ಯ ಓದುವವರಿದ್ದರು. ವಯಸ್ಸು ಎಂಬತ್ತೊಂದು. ಇದೇ ಕೊನೆಯ ವಾಚನವೆಂದು ಅವರೇ ಹೇಳಿದ್ದರು.

ಒಂಬತ್ತಕ್ಕೆ ಕೆಳಗಿನ ಉಡುಪಿ ಹೋಟೆಲಿನ ಸದಾನಂದ ಬಂದ. ಕಾರ್ಯಕ್ರಮದ ಉಸ್ತುವಾರಿ ಅವನದೇ.

"ಶಾಮಣ್ಣ, ಪೀಠ, ವಸ್ತ್ರ ಎರಡೂ ಕೊಡಿ ಮಾರಾಯ್ರೆ. ಈಗಲೇ ಹಾಲ್‌ನಲ್ಲಿ ಇಟ್ಟು ಬರ್ತೇನೆ."

"ಸಂಜೆ ನಾನೇ ತರ್ತೀನಿ. ಮೊದಲನೇ ಸಾಲಲ್ಲಿ ನನಗೊಂದು ಜಾಗ ಹಿಡಿದಿಡಿ, ಸಾಕು."

ಇಪ್ಪತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ಕಾದು ಕಣ್ಣು ಮುಚ್ಚಿತು. ಹೊಡೆದದ್ದೆಲ್ಲ ಹೋಯಿತು. ಟೈಪ್‌ರೈಟರಿನಲ್ಲಿ ಹೊಡೆದದ್ದು ಹೊಡೆದದ್ದೇ. ಇದರಲ್ಲಿ ಆಗಾಗ ಉಳಿಸಿಕೊಳ್ಳಬೇಕೆಂಬುದು ಶಾಮಣ್ಣನ ಬೆರಳಿಗೆ ಇನ್ನೂ ಒಗ್ಗಿರಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿದ. ಮತ್ತೆ ಆರಿತು.

"ಅಲ್ಲಾ ರೀ, ಮೇ ತಿಂಗಳು, ನೆಲದ ಕಾವು ತಗುಲ್ತಿದೆ ಅದಕ್ಕೆ" ಎಂದು ಹೆಂಡತಿ ಕೌಸಲ್ಯಾ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಈ ಸಲ ಹತ್ತೇ ನಿಮಿಷ.

ಚಹಾ ಕೊಡಲು ಬಂದ ಸದಾನಂದ ಯಂತ್ರವನ್ನು ಮುಟ್ಟಿ ನೋಡಿದ. "ನಮ್ಮ ಗ್ರೈಂಡರ್ ಹೀಗೆಯೇ. ಉದ್ದು ಜಾಸ್ತಿಯಾದ್ರೆ ನಿಲ್ತದೆ. ನೀವು ಒಮ್ಮೆಗೆ ಎಷ್ಟು ಪುಟ ಹಾಕಿದ್ದೀರಿ?"

ಎದುರುಮನೆಯ ಹುಬ್ಬಳ್ಳಿಯ ಚಂದ್ರವ್ವ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು. "ದಿಟ್ಟಿ ಆಗೇತ್ರಿ ಅಣ್ಣಾರ. ಇಡೀ ಬಿಲ್ಡಿಂಗ್ ಬಂದು ನೋಡಿ ಹೋಗೇತಲ್ಲ!"

ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೂರು ಮಹಡಿಯವರೂ ಕೆಮ್ಮಿದರು. ಲ್ಯಾಪ್‌ಟಾಪ್ ಒಂದೇ ಕೆಮ್ಮದೆ ಮಲಗಿತು.

ನಾಲ್ಕೂವರೆಗೆ ಎಂಟು ಸಲ ಆರಿತ್ತು. ಅಷ್ಟರಲ್ಲಿ ಉಳಿಸಿಕೊಂಡದ್ದು ಎರಡೇ ಪುಟ. ಸದಾನಂದ ಓಡಿಬಂದು, "ಗುರುಗಳು ಬಂದಾಯ್ತು!" ಎಂದು ಪೀಠ, ವಸ್ತ್ರ ಎರಡನ್ನೂ ಎಳೆದುಕೊಂಡು ಹೋದ. ಶಾಮಣ್ಣ ಯಂತ್ರಕ್ಕೆ ಕೈಮುಗಿದು, ತಪ್ಪಾಯಿತೆಂದು ಬೇಡಿಕೊಂಡು, ಬರಿನೆಲದ ಮೇಲಿಟ್ಟ.

ಅದು ನಿಲ್ಲಲೇ ಇಲ್ಲ! ಇಪ್ಪತ್ತು ನಿಮಿಷ, ಅರ್ಧ ಗಂಟೆ, ಮುಕ್ಕಾಲು.

"ಮೆಣಸಿನಕಾಯಿ ಹತ್ತೇತಿ ನೋಡ್ರಿ" ಎಂದಳು ಚಂದ್ರವ್ವ.

ಐದು ದಾಟಿತು. ಎದ್ದು ಹೋದರೆ ಯಂತ್ರ ಮತ್ತೆ ಮುನಿದರೆ? ಇನ್ನೊಂದು ಪುಟ, ಇನ್ನೊಂದೇ ಪುಟ ಎನ್ನುತ್ತ ಶಾಮಣ್ಣ ಕುಟ್ಟಿದ. ಬೆರಳು ಇಂಗ್ಲಿಷಿನಲ್ಲಿತ್ತು, ಕಿವಿ ಗುರುಗಳ ರಾಗದಲ್ಲಿತ್ತು. ಹನ್ನೆರಡನೆಯ ಪುಟ ಮುಗಿದಾಗ ಏಳೂಕಾಲು.

ಓಡಿದ. ಹಾಲ್‌ನಲ್ಲಿ ಜಮಖಾನ ಸುತ್ತುತ್ತಿದ್ದರು.

"ಈಗಷ್ಟೇ ಮಂಗಳ ಆಯ್ತು. ಬೇಜಾರು ಮಾಡ್ಬೇಡಿ, ನಿಮಗೋಸ್ಕರ ಟೇಪ್ ಮಾಡಿದ್ದೇನೆ" ಎಂದು ಸದಾನಂದ ಟೇಪ್‌ರೆಕಾರ್ಡರ್ ಒತ್ತಿದ.

ಗಣೇಶಸ್ತುತಿ ಬಂತು. ಎರಡನೆಯ ಪದ್ಯದಲ್ಲಿ ಗುರುಗಳ ದನಿ ಇಲಿಯ ಕೂಗಿನಂತೆ ಕೀರಲಾಗಿ ನಿಂತುಹೋಯಿತು. ಮುಂದೆ ಏನೂ ಇಲ್ಲ.

ಸದಾನಂದ ತಲೆ ಕೆರೆದುಕೊಂಡ. "ಗುರುಗಳು ಗ್ರಂಥಕ್ಕೆ ಬೇರೆ ವಸ್ತ್ರ ತಂದಿದ್ರು. ಇದು ಅವರ ಸ್ವರ ಹಿಡಿಯುವ ಮೆಷಿನ್ ಅಲ್ವಾ, ಮರ್ಯಾದೆಗೆ ಅಂತ ನಿಮ್ಮ ರೇಷ್ಮೆಯಲ್ಲಿ ಸುತ್ತಿಟ್ಟೆ. ಈಗ ಬಿಚ್ಚಿದ್ರೆ ದೋಸೆ ಕಾವಲಿ ಹಾಗೆ ಕಾದಿದೆ! ಬಟ್ಟೆ ತೆಗೆದ ಮೇಲೆ ನೋಡಿ, ಲಾಯ್ಕ ತಿರುಗ್ತದೆ."

ಬೆಳಿಗ್ಗೆಯಿಂದ ಮತ್ತೆ ಮತ್ತೆ ಶಾಮಣ್ಣ ತನ್ನ ಕೈಯಾರೆ ಹೊಡೆದಿದ್ದ ವಾಕ್ಯಕ್ಕೆ ಈಗ ಅರ್ಥ ಬಂತು: ಬಿಸಿಯಾಗುವ ಯಂತ್ರಕ್ಕೆ ಬಟ್ಟೆ ತಾಗಿಸತಕ್ಕದ್ದಲ್ಲ. ವರದಿಯ ಮೊದಲನೆಯ ಪುಟ, ಮೊದಲನೆಯ ನಿಯಮ. ಒಂಬತ್ತು ಗಂಟೆಗೆ ಕೇಳಿದಾಗಲೇ ಕೊಟ್ಟುಬಿಟ್ಟಿದ್ದರೆ!

"ಶಾಮು ಬಂದಿದಾನೇನೋ?" ವೇದಿಕೆಯಿಂದ ನಡುಗುವ ದನಿ. ಗುರುಗಳಿಗೆ ಈಗ ಕಣ್ಣು ಮಂಜು.

ಶಾಮಣ್ಣ ವಸ್ತ್ರ ಹಿಡಿದುಕೊಂಡೇ ಹೋಗಿ ಕಾಲಿಗೆರಗಿದ. ಮುದುಕರು ತಡವರಿಸಿ ವಸ್ತ್ರ ಮುಟ್ಟಿದರು. ಅಂಚಿನಿಂದಲೇ ಗುರುತು ಹಿಡಿದು ಮುಖವೆಲ್ಲ ಅರಳಿಸಿದರು.

"ಇನ್ನೂ ಬೆಚ್ಚಗಿದೆಯಲ್ಲೋ! ಅಷ್ಟು ಹೊತ್ತೂ ಎದೆಗವಚಿಕೊಂಡು ಕೇಳಿದೆಯಾ ಮಗು? ನೀನೊಬ್ಬ ಕೇಳಿದೆಯಲ್ಲ, ಓದಿದ್ದು ಸಾರ್ಥಕ."

ಎನ್ನುತ್ತ ಅದನ್ನು ಅವನ ಹೆಗಲಿಗೆ ಹೊದಿಸಿದರು. ಆ ಮೇ ತಿಂಗಳ ಸೆಕೆಯಲ್ಲಿ ಶಾಮಣ್ಣ ರೇಷ್ಮೆ ಹೊದ್ದು, ತಲೆ ತಗ್ಗಿಸಿ, ಬೇಯುತ್ತ ನಿಂತ.