ನಡು ಸಣ್ಣಗಾದ ಪಿನ್ನು

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ಕೊಡುವ ನೌಕರಿ ಎಲ್ಲರಿಗೂ ಸಿಗುವುದಿಲ್ಲ. ಬೀಗರು ಮತ್ತು ನೆರೆಹೊರೆಯವರು ಇದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಾರೆ. ನನಗೆ ಮಾತ್ರ ಪುಣೆಯ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಅದಕ್ಕೆಂದೇ ಮೇಜು, ಕುರ್ಚಿ, ಬಿಳಿ ಕೋಟು ಕೊಟ್ಟು ಕೂರಿಸಿದ್ದಾರೆ. ಗಾಡಿಗಳಿಗೆ ಹಾಕುವ ಪಿನ್ನು, ಬೋಲ್ಟುಗಳೆಲ್ಲ ನನ್ನ ಕಣ್ಣಡಿ ಹಾಯ್ದೇ ಮುಂದೆ ಹೋಗಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ಕೆಂಪು ಬಣ್ಣ ಬಳಿದು ರಿಜೆಕ್ಟ್ ಎಂದು ಆಚೆಗಿಡುತ್ತೇನೆ. ಎಷ್ಟೋ ಜನ ಮಶೀನಿನವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಇಂಥ ನೌಕರಿಯಲ್ಲಿ ಹತ್ತಾರು ವರ್ಷ ಕಳೆದರೆ, ತಪ್ಪು ಮಾಡುವವರು ಯಾವಾಗಲೂ ಬೇರೆಯವರೇ ಎಂಬ ನಂಬಿಕೆ ತಾನಾಗಿ ಮೈಗೂಡಿಬಿಡುತ್ತದೆ.

ಹೀಗಿದ್ದ ನನ್ನ ಬಳಿ ಒಂದು ಹಾಯಿದೋಣಿ ಇತ್ತು ಎಂದರೆ ನೀವು ನಗಬಹುದು. ನಕ್ಕರೆ ಬೇಸರವಿಲ್ಲ, ನಮ್ಮ ಬಂಧುಬಳಗದವರೆಲ್ಲ ನಕ್ಕಾಗಿದೆ. ನಾನು ಗದಗಿನ ಕಡೆಯವನು. ನಮ್ಮೂರ ಕೆರೆಯಲ್ಲಿ ನಾವು ಈಜಿದ್ದಕ್ಕಿಂತ ಕ್ರಿಕೆಟ್ ಆಡಿದ್ದೇ ಹೆಚ್ಚು. ಪುಣೆಗೆ ಬಂದ ಮೇಲೆ ಒಂದು ಭಾನುವಾರ ಖಡಕವಾಸಲಾದ ಡ್ಯಾಮಿನ ದಂಡೆಯಲ್ಲಿ ಸುಟ್ಟ ಮೆಕ್ಕೆತೆನೆ ತಿನ್ನುತ್ತ ಕೂತಿದ್ದಾಗ, ನೀರಿನ ಮೇಲೆ ಬಿಳಿ ಹಾಯಿಯೊಂದು ಸದ್ದಿಲ್ಲದೆ ಸರಿದುಹೋಯಿತು. ಅದನ್ನು ನೋಡಿ ನನಗೆ ಆದದ್ದನ್ನು ಬೇರೆ ಹೇಗೆ ಹೇಳಲಿ, ಆಸೆಯಾಯಿತು. ಮುಂದೆ ಊರು ಬಿಟ್ಟು ಹೊರಟಿದ್ದ ಒಬ್ಬ ನಿವೃತ್ತ ಕರ್ನಲ್ ಸಾಹೇಬರು ತಮ್ಮ ಪುಟ್ಟ ದೋಣಿಯನ್ನು ಅದರ ಟ್ರೇಲರ್ ಸಮೇತ ನನ್ನ ಕೊರಳಿಗೆ ಕಟ್ಟಿ ಹೋದರು. ಅದನ್ನು ನಾನು ನಮ್ಮ ಫ್ಲ್ಯಾಟುಗಳ ಸೊಸೈಟಿಯ ಕಾಂಪೌಂಡಿನಲ್ಲಿ, ನಮ್ಮ ಸ್ಕೂಟರಿನ ಜಾಗದಲ್ಲಿ ತಂದು ನಿಲ್ಲಿಸಿದೆ. ಸ್ಕೂಟರು ಬೀದಿಗೆ ಹೋಯಿತು.

ಮೊದಲ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ದೋಣಿ ನೀರಿನಲ್ಲಿ ಟಕ್ ಟಕ್ ಎನ್ನತೊಡಗಿತು. ಇಂಥ ದೋಣಿಯ ಹೊಟ್ಟೆಯೊಳಗಿಂದ ಕಬ್ಬಿಣದ ದಪ್ಪ ಹಲಗೆಯೊಂದು ನೀರಿಗೆ ಇಳಿಬಿದ್ದಿರುತ್ತದೆ. ಕೀಲ್ ಅನ್ನುತ್ತಾರೆ. ಗಾಳಿ ಹಾಯಿಯನ್ನು ದಬ್ಬಿದಾಗ ದೋಣಿ ಮಗುಚದಂತೆ ಹಿಡಿಯುವುದು ಅದೇ. ಆ ಇಡೀ ಹಲಗೆ ಹೆಬ್ಬೆರಳು ಗಾತ್ರದ ಒಂದು ಪಿನ್ನಿನ ಮೇಲೆ ನೇತಾಡುತ್ತದೆ, ತಿಜೋರಿಯ ಬಾಗಿಲು ಬಿಜಾಗರಿಯ ಮೇಲೆ ತೂಗಿದ ಹಾಗೆ. ಆ ಪಿನ್ನು ಸುತ್ತಲೂ ಸವೆದು ಅದರ ನಡು ಸಣ್ಣಗಾಗಿತ್ತು. ಈ ಕಾಯಿಲೆಯ ವರ್ಣನೆಯನ್ನು ನಾನು ಊಟಕ್ಕೆ ಕೂತಾಗಲೆಲ್ಲ ನನ್ನ ಹೆಂಡತಿ ಸುನಂದಾಳಿಗೆ ಮಾಡುತ್ತಿದ್ದೆ. ರಿಪೇರಿಯನ್ನು ಮಾತ್ರ ಮಾಡಲಿಲ್ಲ. ಎರಡು ಮಳೆಗಾಲ ಕಳೆದವು. ಸುನಂದಾ ದೋಣಿಯ ಮೇಲೆ ಸಂಡಿಗೆ ಒಣಗಿಸತೊಡಗಿದಳು. ಸೊಸೈಟಿಯ ಸೆಕ್ರೆಟರಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, ಪ್ರಳಯ ಯಾವತ್ತು ಎಂದು ಮರಾಠಿಯಲ್ಲಿ ಬಹಳ ಗೌರವದಿಂದ ವಿಚಾರಿಸುತ್ತಿದ್ದರು.

ಆ ಹೊತ್ತಿಗೇ ಬಾರಾಮತಿಯ ಕಬ್ಬಿನ ಹೊಲದ ಧಣಿಯೊಬ್ಬರು ದೋಣಿಯನ್ನು ಕೇಳಿದರು. ಅವರಿಗೆ ಅದನ್ನು ಹೊಲದ ಹೊಂಡದಲ್ಲಿ ಬಿಟ್ಟು ಮೊಮ್ಮಕ್ಕಳನ್ನು ಕೂರಿಸಬೇಕಿತ್ತಂತೆ. ಸುನಂದಾ ಜಗಳ ಮಾಡುವವಳಲ್ಲ, ಶರತ್ತು ಹಾಕುವವಳು. "ದಸರಾದ ದಿನ ಇದು ನೀರಿಗೆ ಇಳೀಬೇಕ್ರಿ. ಇಳೀತಂದ್ರ ನಾನೂ ಕೂಡತೀನಿ. ಇಲ್ಲಂದ್ರ ಮರುದಿನ ಬಾರಾಮತಿಗೆ ಹೋಗಲಿ" ಅಂದಳು. ಅವಳು ಅಲ್ಲಿಯವರೆಗೆ ಆ ದೋಣಿಯಲ್ಲಿ ಒಮ್ಮೆಯೂ ಕಾಲಿಟ್ಟವಳಲ್ಲ. ನನಗೆ ರಾತ್ರಿಯೆಲ್ಲ ಆ ಕಬ್ಬಿನ ಹೊಲದ ಹೊಂಡವೇ ಕಣ್ಣ ಮುಂದೆ. ಅದರಲ್ಲಿ ಎಮ್ಮೆಗಳ ನಡುವೆ ನನ್ನ ದೋಣಿ.

ಕೊನೆಗೂ ಎದ್ದೆ. ದೋಣಿಯನ್ನು ಜಾಕಿನಿಂದ ಎತ್ತಿ, ಅಡಿಗೆ ಹಳೆಯ ಟಯರು, ಮರದ ತುಂಡು ಕೊಟ್ಟು, ಕೀಲ್ ಅವುಗಳ ಮೇಲೆ ಕೂರುವ ಹಾಗೆ ಮಾಡಿ, ಪಿನ್ನನ್ನು ಬಡಿದು ಹೊರಗೆ ತೆಗೆದೆ. ಅದನ್ನು ಚಿಂಚವಾಡದಲ್ಲಿ ಉಕ್ಕು ಕಡೆಯುವ ಲೇಥ್ ಇಟ್ಟುಕೊಂಡಿದ್ದ ನನ್ನ ಪರಿಚಯದ ಶಿಂದೆಯವರಿಗೆ ಕೊಟ್ಟು, ತುಕ್ಕು ಹಿಡಿಯದ ಉಕ್ಕಿನಲ್ಲಿ ಹುಬೇಹೂಬ ಇದರಂತೆಯೇ ಇರಬೇಕು, ಕೂದಲೆಳೆಯಷ್ಟೂ ಫರಕು ಆಗಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ಸಂಜೆ ಹೊಸ ಪಿನ್ನು ತಯಾರಾಗಿತ್ತು. ಶಿಂದೆಯವರ ಅಂಗಡಿಯಲ್ಲೇ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ. ನಿಜವಾಗಿಯೂ ಕೂದಲೆಳೆಯಷ್ಟೂ ಫರಕಿರಲಿಲ್ಲ. ಇಷ್ಟು ಪರಫೆಕ್ಟ್ ಕೆಲಸ ನಮ್ಮ ಕಾರ್ಖಾನೆಯಲ್ಲೂ ಆಗುವುದಿಲ್ಲ ಎಂದು ಅವರ ಬೆನ್ನು ತಟ್ಟಿ ಮನೆಗೆ ಬಂದೆ.

ಮರುದಿನ ಕಾರ್ಖಾನೆಯಲ್ಲಿ ಮಶೀನುಗಳ ಪೂಜೆ ಮುಗಿಸಿ, ಪೇಢೆಯ ಪೊಟ್ಟಣ ಹಿಡಿದು ಮಧ್ಯಾಹ್ನಕ್ಕೇ ಮನೆ ಸೇರಿದೆ. ಊಟದೊಳಗೆ ಪಿನ್ನು ಹಾಕಿ ಮುಗಿಸುವ ಲೆಕ್ಕ. ಕಾಂಪೌಂಡಿಗೆ ಕಾಲಿಟ್ಟರೆ ದೋಣಿಯ ಮೂತಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ನವರಾತ್ರಿಗೆಂದು ಗದಗಿನಿಂದ ಬಂದಿದ್ದ ಅವ್ವ ಎಲ್ಲ ಮುಗಿಸಿಬಿಟ್ಟಿದ್ದಳು. ದೋಣಿಯ ಅಡಿಗಿದ್ದ ಜಾಕಿಗೆ ಅರಿಶಿಣ ಕುಂಕುಮ, ಅದರ ಹಿಡಿಕೆಗೆ ಒಂದು ಹೂವು. ಮೇಲೆ ಮನೆಯಲ್ಲಿ ಘಟದ ಮುಂದೆ ಕೆಂಪು ಬಟ್ಟೆ ಹಾಸಿ, ನನ್ನ ಪಾನಾ, ಪಕ್ಕಡ, ಸುತ್ತಿಗೆಗಳನ್ನು ಒಂದೂ ಬಿಡದೆ ಸಾಲಾಗಿ ಮಲಗಿಸಿದ್ದಳು. ನಟ್ಟನಡುವೆ, ವೀಳ್ಯದೆಲೆಯ ಮೇಲೆ, ಎರಡು ಪಿನ್ನುಗಳು. ಯಾವುದು ದೋಣಿಗೆ ಹಾಕುವುದು, ಯಾವುದು ಬಿಡುವುದು ಎಂದು ಅವಳಿಗೆ ಗೊತ್ತಾಗದೆ ಎರಡನ್ನೂ ಇಟ್ಟಿದ್ದಳು. ನಮ್ಮ ಕಡೆ ಖಂಡೇಪೂಜೆಗೆ ಇಟ್ಟ ಸಾಮಾನನ್ನು ಮರುದಿನ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ.

ನಾನು ಅಂಗಲಾಚಿದೆ. ಜಾಕೊಂದನ್ನು ಬಿಡು ಅಂದೆ, ಸುತ್ತಿಗೆ ಪಕ್ಕದ ಮನೆಯವರದು ತರುತ್ತೇನೆ ಅಂದೆ, ಪಿನ್ನು ಆಯುಧವೇ ಅಲ್ಲ ಎಂದು ವಾದಿಸಿದೆ. ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ವರ್ಷವಿಡೀ ದುಡೀತಾವ ಅವು. ಇವತ್ತೊಂದ ದಿನ ಕುಂತಾವ. ಎಬ್ಬಿಸಬ್ಯಾಡ ತಮ್ಮಾ" ಅಂದಳು. ಆ ಪಾನಾ ಸುತ್ತಿಗೆಗಳು ವರ್ಷವಿಡೀ ಏನೂ ದುಡಿದಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದುದರಿಂದ ನಾನು ಆ ವಿಷಯ ಬೆಳೆಸಲಿಲ್ಲ. ಸಿಟ್ಟು ಮಾತ್ರ ಬಂತು. ಹೋಳಿಗೆಯನ್ನು ಸಿಟ್ಟಿನಲ್ಲೇ ತಿಂದೆ, ಎರಡು ಹೆಚ್ಚಾಗಿಯೇ ತಿಂದೆ.

ಸಂಜೆ ಮಂಗಳಾರತಿ. ಅವ್ವ ಹಾಡುತ್ತಿದ್ದಳು, ನಾನು ಜಾಗಟೆ ಬಡಿಯುತ್ತಿದ್ದೆ, ಸುನಂದಾ ಆರತಿ ಎತ್ತುತ್ತಿದ್ದಳು. ಆರತಿ ತಟ್ಟೆ ಪಿನ್ನುಗಳ ಮುಂದೆ ಬಂದು ಒಂದು ಗಳಿಗೆ ನಿಂತಿತು. ದೀಪದ ಬೆಳಕು ಅವುಗಳ ಮೇಲೆ ಓರೆಯಾಗಿ ಬಿದ್ದಿತ್ತು. ಹಾಡು ಮುಗಿಯುವವರೆಗೆ ಕಾದು ಸುನಂದಾ ಮೆಲ್ಲಗೆ ಕೇಳಿದಳು: "ರೀ, ನಡು ಸವದದ ಅಂತ ಹೊಸಾದು ಮಾಡಿಸಿದ್ರಿ ಹೌದಲ್ರಿ? ಈ ಹೊಸಾದರ ನಡುನೂ ಹಂಗ ಸಣ್ಣ ಅದ ನೋಡ್ರಿ."

ನಾನು ಜಾಗಟೆ ಕೆಳಗಿಟ್ಟೆ. ಮುಟ್ಟುವಂತಿಲ್ಲವಾದ್ದರಿಂದ ನೆಲಕ್ಕೆ ಗಲ್ಲ ಹಚ್ಚಿ ನೋಡಿದೆ. ಶಿಂದೆಯವರು ಸವೆತವನ್ನೂ ಬಿಡದೆ, ಎಲ್ಲಿ ಎಷ್ಟು ಸವೆದಿತ್ತೋ ಅಲ್ಲಿ ಅಷ್ಟೇ ಕಡೆದು, ಮಿರಿಮಿರಿ ಮಿಂಚುವ ಹೊಸ ಉಕ್ಕಿನಲ್ಲಿ ನನ್ನ ಹಳೆಯ ಕಾಯಿಲೆಯನ್ನೇ ಮಾಡಿಕೊಟ್ಟಿದ್ದರು. ನಾನು ಅದನ್ನು ಪರೀಕ್ಷಿಸಿ ಪಾಸೂ ಮಾಡಿದ್ದೆ. ನಾಚಿಕೆಯಿಂದ ನನಗೆ ಬಹಳ ಹೊತ್ತು ಮೇಲಕ್ಕೆ ಏಳಲಾಗಲಿಲ್ಲ. ಅಡ್ಡಬಿದ್ದಿದ್ದಾನೆ ಎಂದು ತಿಳಿದು ಅವ್ವ ತಲೆಯ ಮೇಲೆ ಅಕ್ಷತೆ ಹಾಕಿದಳು.

ದಸರಾದ ಬೆಳಿಗ್ಗೆ, ಕೀಲ್ ಹಲಗೆಯ ತೂತಿನ ಅಳತೆ ತೆಗೆದುಕೊಂಡು, ಒಂದು ಮುಷ್ಟಿ ಬನ್ನಿ ಎಲೆ ಹಿಡಿದು ಶಿಂದೆಯವರ ಬಾಗಿಲಿಗೆ ಹೋದೆ. ನಾನು ಹೇಳಿದ್ದನ್ನು ಕೇಳಿ ಅವರು ನೊಂದುಕೊಂಡರು. "ಸಾಹೇಬ, ತುಮ್ಹೀಚ ಮ್ಹಣಾಲಾತ, ಹುಬೇಹೂಬ" ಅಂದರು. ನೀವೇ ತಾನೆ ಹೇಳಿದ್ದು, ಅಚ್ಚು ಹಾಗೇ ಇರಲಿ ಎಂದು. ಆ ಸಣ್ಣ ನಡು ತೆಗೆಯುವುದಕ್ಕೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವಾಗಿತ್ತಂತೆ. ಆದರೆ ಪೂಜೆಯಿಂದೆದ್ದ ಲೇಥಿಗೆ ಆ ದಿನ ಮುಹೂರ್ತದ ಕೆಲಸವೊಂದು ಬೇಕಿತ್ತು. ಚೆಂಡುಹೂವಿನ ಮಾಲೆ ಸರಿಸಿ, ತೆಂಗಿನಕಾಯಿ ಒಡೆದು, ಅವರು ನೇರ ನಡುವಿನ ಪಿನ್ನೊಂದನ್ನು ಕಡೆದರು. ಈ ಸಲ ನಾನು ಬಾಯಿ ಬಿಡದೆ ನಿಂತಿದ್ದೆ. ಆಮೇಲೆ ಅವರೇ ತಮ್ಮ ಟೆಂಪೋ ತಂದರು, ಪಿನ್ನು ಹಾಕಿಸಿದರು, ದೋಣಿಯನ್ನು ಡ್ಯಾಮಿಗೆ ಎಳೆದುಕೊಂಡೂ ಹೋದರು.

ಮಳೆಗಾಲ ಮುಗಿದು ನೀರು ತುಂಬಿ ನಿಂತಿತ್ತು. ಸುನಂದಾ ಸೀರೆ ಎತ್ತಿ ಕಟ್ಟಿ, ನನ್ನ ಭುಜ ಹಿಡಿದು ಹತ್ತಿ ಕೂತಳು. ಹಾಯಿ ತುಂಬಿಕೊಂಡಿತು, ದಂಡೆಯಲ್ಲಿ ಕೂತ ಅವ್ವ ಚಿಕ್ಕವಳಾಗುತ್ತ ಹೋದಳು. ನಾನು ಕಿವಿಗೊಟ್ಟು ಆಲಿಸುತ್ತಿದ್ದೆ. ಟಕ್ ಎನ್ನಲಿಲ್ಲ. ನೀರು ಸರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಸುನಂದಾ ನೀರಿನಲ್ಲಿ ಕೈ ಆಡಿಸುತ್ತಿದ್ದಳು. ಆಮೇಲೆ, "ಬಾರಾಮತಿಯವರಿಗೆ ಫೋನ್ ಮಾಡಿ ಇಲ್ಲ ಅಂದ್ಬಿಡ್ರಿ" ಅಂದಳು. ಅಷ್ಟು ಸುಖ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಉಳಿದದ್ದು ಆ ನಡು ಸಣ್ಣಗಾದ ಹೊಸ ಪಿನ್ನು. ಅದಕ್ಕೆ ಕೆಂಪು ಬಣ್ಣ ಬಳಿದು ಗುಜರಿಗೆ ಹಾಕಬೇಕೆಂದಿದ್ದೆ. ಪೂಜೆಗೊಂಡದ್ದನ್ನು ಹಾಗೆಲ್ಲ ಎಸೆಯುವಂತಿಲ್ಲ ಎಂದು ಅವ್ವ ಅದನ್ನು ದೇವರ ಗೂಡಿನಲ್ಲಿಟ್ಟು ಊರಿಗೆ ಹೋದಳು. ಅಂದಿನಿಂದ ಪ್ರತಿ ಖಂಡೇನವಮಿಗೆ ಸುನಂದಾ ಅದನ್ನು ತೊಳೆದು, ವೀಳ್ಯದೆಲೆಯ ಮೇಲೆ ನಟ್ಟನಡುವೆ ಇಡುತ್ತಾಳೆ. ನಾನು ಬಳಿಯಬೇಕೆಂದಿದ್ದ ಕೆಂಪನ್ನು ಅವಳೇ ಬೆರಳಿನಿಂದ ಹಚ್ಚುತ್ತಾಳೆ, ಕುಂಕುಮ. ಬೆಳಿಗ್ಗೆ ಕಾರ್ಖಾನೆಯಲ್ಲಿ ಊರವರ ಪಿನ್ನುಗಳನ್ನೆಲ್ಲ ರಿಜೆಕ್ಟ್ ಮಾಡುವ ಮೇಜಿಗೆ ಪೂಜೆ ಮಾಡಿ ಬಂದ ನಾನು, ಸಂಜೆ ನಾನೇ ಪಾಸು ಮಾಡಿದ ಆ ಪಿನ್ನಿಗೆ ಕೈಮುಗಿದು ಅಡ್ಡಬೀಳುತ್ತೇನೆ. ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.