ಹದ್ದು ಮೀರಿದ ಹದ್ದು ಮಹಾಶಯರಿಗೆ

ಮೊಬೈಲ್ ಟವರಿನ ಮೂರನೆಯ ಅಂತಸ್ತಿನಲ್ಲಿ ಕುಟುಂಬ ಸಮೇತ ವಾಸವಾಗಿರುವ, ನಮ್ಮ ಗ್ಲೈಡರ್ ಸಂಘದ ಬಯಲಿನ ಮೇಲೆ ದಿನವೂ ಗಸ್ತು ತಿರುಗುವ ಹದ್ದು ಮಹಾಶಯರ ಸನ್ನಿಧಿಗೆ, ಕತ್ತು ನೋಯುವಷ್ಟು ತಲೆಯೆತ್ತಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಮನೆಯವರೂ ಮರಿಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಲ್ಲ. ನನ್ನ ಪರಿಚಯ ತಮಗಿರಲಾರದು, ಏಕೆಂದರೆ ತಾವು ನನ್ನನ್ನು ನೋಡಿದ್ದೆಲ್ಲ ಮೇಲಿನಿಂದಲೇ, ಮತ್ತು ಮೇಲಿನಿಂದ ನನ್ನಲ್ಲಿ ಕಾಣುವುದು ಬೋಳುತಲೆಯೊಂದೇ. ನಾನು ಕಟ್ಟುಹಲ್ಲು ತಯಾರಿಸುವವನು. ವಾರದಲ್ಲಿ ಆರು ದಿನ ಹಲ್ಲಿಲ್ಲದವರಿಗೆ ಹಲ್ಲು ಮಾಡಿಕೊಟ್ಟು, ಏಳನೆಯ ದಿನ ರೆಕ್ಕೆಯಿಲ್ಲದ ನನಗೂ ರೆಕ್ಕೆ ಸಿಕ್ಕೀತೆಂದು ಸಂಘದ ಬಯಲಿಗೆ ಬರುತ್ತೇನೆ. ಎಂಜಿನ್ ಇಲ್ಲದ ವಿಮಾನಕ್ಕೆ ಹಗ್ಗ ಕಟ್ಟಿ, ಯಂತ್ರದಿಂದ ಎಳೆದು ಮೇಲಕ್ಕೆ ಬಿಡುವುದು ನಮ್ಮ ಪದ್ಧತಿ; ಹಾಗೆ ಎಳೆಯುವಾಗ ರೆಕ್ಕೆ ನೆಲಕ್ಕೆ ತಾಗದಂತೆ ಅದರ ತುದಿ ಹಿಡಿದು ಒಬ್ಬ ಜೊತೆಗೆ ಓಡಬೇಕು. ಏಳು ವರ್ಷದಿಂದ ಆ ಒಬ್ಬ ಹೆಚ್ಚುಕಡಿಮೆ ನಾನೇ. ಯಾರದೋ ಮದುವೆಗೆ ಇನ್ನಾರೋ ಕುಣಿದಂತೆ, ಹಾರುವವರು ಹಾರಿದರು, ನಾನು ಓಡಿದೆ.

ಸಂಘದ ನಿಯಮ ಹೀಗಿದೆ. ಒಬ್ಬನೇ ಕುಳಿತು ಅರ್ಧ ಗಂಟೆ ಆಕಾಶದಲ್ಲಿ ಉಳಿದವನ ಹೆಸರು ಹಾರುವವರ ಪಟ್ಟಿಗೆ ಸೇರುತ್ತದೆ. ಈ ವರ್ಷವೂ ಅದು ನನ್ನಿಂದಾಗದಿದ್ದರೆ ಓಡುವವರ ಪಟ್ಟಿಯಲ್ಲಿ ನಾನು ಕಾಯಂ. ಹಾರಾಟದ ಋತುವಿನ ಕೊನೆಯ ದಿನ ನನ್ನ ಸರದಿ ಬಂದಾಗ, ಮಾತಿನ ಅರ್ಧವನ್ನು ಮೀಸೆಗೇ ಹೇಳಿ ಉಳಿದರ್ಧವನ್ನು ನಮಗೆ ಹೇಳುವ ತರಬೇತಿದಾರರು ಗಾಜಿನ ಮುಚ್ಚಳ ಹಾಕುತ್ತ, "ಏನೇ ಆಗ್ಲಿ, ಹದ್ದು ಮೀರ್ಬೇಡಿ" ಎಂದರು. ಅವರು ಹೇಳಿದ್ದು ಬಯಲಿನ ಗಡಿಯನ್ನು, ಅಂದರೆ ವಾಪಸು ಬಂದು ಇಳಿಯಲಾಗದಷ್ಟು ದೂರ ಹೋಗಬೇಡಿ ಎಂದು. ಆದರೆ ನಾನು ಆ ಗಳಿಗೆಯಲ್ಲಿ ತಲೆಯೆತ್ತಿದಾಗ ನೆತ್ತಿಯ ಮೇಲೆ ಕಂಡವರು ತಾವು. ಹಿರಿಯ ಸದಸ್ಯರಿಗಿಂತ ಮೇಲೆ ಹಾರುವುದು ಅವಿನಯವಿರಬೇಕು, ಎಂಥ ಸುಸಂಸ್ಕೃತ ಸಂಘವಪ್ಪಾ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಆಮೇಲಿನದು ತಮಗೆ ತಿಳಿದೇ ಇದೆ. ತಾವು ಸುತ್ತಿದಲ್ಲಿ ನಾನೂ ಸುತ್ತಿದೆ, ಯಾವಾಗಲೂ ತಮಗಿಂತ ಎರಡಾಳು ಕೆಳಗೆ, ಸೊಸೆ ಅತ್ತೆಯ ಹಿಂದೆ ನಡೆದಷ್ಟು ಎಚ್ಚರದಿಂದ. ವಿಮಾನವನ್ನು ಎತ್ತಿಹಿಡಿಯುವ ಬಿಸಿಗಾಳಿ ಏಳುವ ಜಾಗ ಹುಡುಕಲು ನಮಗೆ ಮೂರು ಮಾಪಕ, ಒಂದು ಪುಸ್ತಕ ಮತ್ತು ಪ್ರತಿ ಬುಧವಾರ ಸಂಜೆಯ ಉಪನ್ಯಾಸ ಬೇಕು. ತಾವು ರೆಕ್ಕೆಯನ್ನು ಒಂದು ಸಲವೂ ಬಡಿಯದೆ, ಕತ್ತನ್ನಷ್ಟೇ ಆಚೀಚೆ ತಿರುಗಿಸುತ್ತ, ಹೊತ್ತು ಕಳೆಯಲು ಬಂದವರಂತೆ ಮೇಲೇರಿದಿರಿ. ಮನೆಗಳು ಹಲ್ಲಿನಷ್ಟು ಚಿಕ್ಕವಾದವು. ಮಾನ್ಯರೇ, ದೂರಿನ ಪತ್ರದಲ್ಲಿ ಬರೆಯಬಾರದು, ಆದರೂ ಬರೆಯುತ್ತೇನೆ: ಐವತ್ತಾರು ವರ್ಷದಲ್ಲಿ ನಾನು ಅಷ್ಟು ಸಂತೋಷವಾಗಿ ಎಂದೂ ಇರಲಿಲ್ಲ.

ಆ ಸಂತೋಷದಲ್ಲಿ ತಾವು ಬಯಲಿನ ಗಡಿಯ ಗುಡ್ಡದ ಆಚೆಗೆ ಜಾರಿದ್ದು ನನ್ನ ಗಮನಕ್ಕೆ ಬರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೆ. ಹದ್ದೇ ಹದ್ದು ಮೀರುವುದನ್ನು ಅಂದೇ ಕಂಡೆ. ಅಷ್ಟರಲ್ಲಿ ತಮಗೆ ಏನೋ ತುರ್ತು ಕೆಲಸ ನೆನಪಾಗಿರಬೇಕು, ರೆಕ್ಕೆ ಮಡಿಸಿ ಹೇಳದೆ ಕೇಳದೆ ಹೊರಟುಬಿಟ್ಟಿರಿ. ತಮಗಿಂತ ಕೆಳಗಿರಬೇಕೆಂಬ ನಿಯಮಕ್ಕೆ ನಿಷ್ಠನಾಗಿ ನಾನೂ ವಿಮಾನದ ಮೂತಿ ತಗ್ಗಿಸಿದೆ, ಮತ್ತು ಒಂದು ಎಲೆಕೋಸಿನ ಹೊಲದಲ್ಲಿ ಇಳಿದೆ. ಹೊಲದ ಒಡತಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಎಂಜಿನ್ ಎಲ್ಲಿ ಎಂದು ಕೇಳಿದರು. ಇಲ್ಲವೆಂದೆ. "ಇಲ್ಲ ಅಂತ ಗೊತ್ತಿದ್ದೂ ಹತ್ತಿದ್ರಾ?" ಎಂದರು. ಹೌದೆಂದು ಒಪ್ಪಿಕೊಂಡು, ಕರೆದೊಯ್ಯಲು ಬನ್ನಿರೆಂದು ಸಂಘಕ್ಕೆ ಫೋನ್ ಮಾಡಿದೆ.

ಈಗ ನನ್ನ ಅಹವಾಲು. ನನ್ನ ಕೈಗಡಿಯಾರದ ಪ್ರಕಾರ ನಾನು ಮೂವತ್ತನಾಲ್ಕು ನಿಮಿಷ ಹಾರಿದ್ದೇನೆ. ಹಾರಾಟವನ್ನು ದಾಖಲಿಸುವ ಪುಟ್ಟ ಪೆಟ್ಟಿಗೆಯ ಗುಂಡಿ ಒತ್ತುವುದನ್ನು, ಕನ್ನಡಕ ಒರೆಸುವ ಗಡಿಬಿಡಿಯಲ್ಲಿ, ಮರೆತಿದ್ದೆ. ಸಂಘದವರು ಕಣ್ಣಾರೆ ಕಂಡದ್ದು ಎಂಟೇ ನಿಮಿಷ. ಆಮೇಲೆ ಗುಡ್ಡ ಅಡ್ಡ ಬಂತು. ಒಂಬತ್ತನೆಯ ನಿಮಿಷಕ್ಕೇ ಇಳಿದು, ಉಳಿದ ಹೊತ್ತು ಕೋಸಿನ ನಡುವೆ ಕೂತಿದ್ದು ಫೋನ್ ಮಾಡಿರಬಹುದಲ್ಲ ಎಂದು ಅಧ್ಯಕ್ಷರು ಸಭೆಯಲ್ಲಿ ನಕ್ಕರು. ಆ ನಗೆಯ ಇಪ್ಪತ್ತೆಂಟೂ ಹಲ್ಲು ನನ್ನ ಕೈಕೆಲಸವಾದ್ದರಿಂದ, ನೋವಿನ ನಡುವೆಯೂ ಜೋಡಣೆ ಚೆನ್ನಾಗಿ ಕೂತಿದೆಯೆಂದು ಸಮಾಧಾನಪಟ್ಟೆ. ಹೊಲದ ಒಡತಿಯನ್ನು ಕೇಳಿದರೆ, "ಬಿದ್ದಿದ್ದು ನೋಡ್ದೆ, ಹಾರಿದ್ದು ನೋಡಿಲ್ಲ, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ. ನನ್ನ ಹೆಂಡತಿ ನಂಬುತ್ತಾಳೆ, ಆದರೆ ನಾನು ಸಣ್ಣಗಾಗಿದ್ದೇನೆಂದೂ ಅವಳು ನಂಬುತ್ತಾಳೆ, ಹಾಗಾಗಿ ಅವಳ ಸಾಕ್ಷ್ಯಕ್ಕೆ ತೂಕವಿಲ್ಲ. ಮೊದಲಿನಿಂದ ಕೊನೆಯವರೆಗೆ ನೋಡಿದವರು ಈ ಲೋಕದಲ್ಲಿ ತಾವೊಬ್ಬರೇ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಕಚೇರಿಗೆ ದಯಮಾಡಿಸಬೇಕು. ಫ್ಯಾನ್ ಆರಿಸಿರುತ್ತೇವೆ. ಕಿಟಕಿಯ ಬಳಿಯ ಕುರ್ಚಿ ತಮಗೆಂದೇ ಮೀಸಲು. ಬೆನ್ನಿಗೆ ಒರಗಿ ಕೂರುವ ಅಭ್ಯಾಸವಿಲ್ಲದಿದ್ದರೆ ಬೀರುವಿನ ಮೇಲೂ ಆಗಬಹುದು. ದಾಖಲೆ ಪುಸ್ತಕದಲ್ಲಿ ಬಲಗಾಲಿನ ಗುರುತು ಒತ್ತಿದರೆ ಸಾಕು, ಶಾಯಿಯ ವ್ಯವಸ್ಥೆ ನನ್ನದು. ಮುಂದೆಯೂ ತಾವು ಸುತ್ತುತ್ತಿರುವುದು ಬಿಸಿಗಾಳಿಗೋ ಸತ್ತ ಇಲಿಗೋ ಎಂಬುದು ನಮ್ಮಂಥ ಕಿರಿಯರಿಗೆ ತಿಳಿಯುವಂತೆ, ಇಲಿಯ ದಿನಗಳಲ್ಲಿ ಕಾಲಿಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬಂದರೆ ಸಂಘ ಚಿರಋಣಿ. ರೆಕ್ಕೆಯ ತುದಿ ಹಿಡಿದು ಓಡಲು ನನ್ನ ಮಂಡಿಗಳು ಇನ್ನು ಒಪ್ಪುವುದಿಲ್ಲ, ಮತ್ತು ಮೇಲಿನದನ್ನು ಒಮ್ಮೆ ಕಂಡವನಿಗೆ ಕೆಳಗೆ ಓಡುವುದು ಬಹಳ ಕಷ್ಟ.

ತಮ್ಮ ವಿಶ್ವಾಸಿ,
ವಿಶ್ವಾಸವಿಟ್ಟು ಹಿಂಬಾಲಿಸಿ ಕೋಸಿನ ಹೊಲ ಸೇರಿದ
ಕಟ್ಟುಹಲ್ಲಿನವನು

ತಾ.ಕ.: ತಾವು ಅಂದು ತುರ್ತು ಕೆಲಸದ ಮೇಲೆ ಹೊರಟಿರೆಂದು ಮೇಲೆ ಬರೆದಿರುವುದು ತಮ್ಮ ಮರ್ಯಾದೆಗಾಗಿ. ತಮ್ಮನ್ನು ಅಟ್ಟಿಸಿಕೊಂಡು ಹೋದದ್ದು ತಮ್ಮ ಅರ್ಧದಷ್ಟೂ ಇಲ್ಲದ ಒಂದು ಕಾಗೆ ಎಂಬುದು ಸದ್ಯಕ್ಕೆ ಈ ಬಹಿರಂಗ ಪತ್ರದಲ್ಲಿ ನಮ್ಮಿಬ್ಬರ ನಡುವೆಯೇ ಇರಲಿ. ಭಾನುವಾರ ತಾವು ಬಾರದಿದ್ದರೆ ಕಾಗೆಯವರನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ, ಮತ್ತು ಅವರು ಬಂದರೆ ಬಳಗದ ಸಮೇತ ಬರುತ್ತಾರೆ.